ತೋಳ ಮತ್ತು ಧರ್ಮಸ್ಥಳದ ಬಸ್ಸು

ನಮ್ಮ ಮನೆಯಲ್ಲಿ ರಾತ್ರಿ ಕಥೆ ಹೇಳುವ ಕೆಲಸ ನನ್ನದು. ಪಾತ್ರೆ ತೊಳೀತೀರಾ, ಮಗಳಿಗೆ ಕಥೆ ಹೇಳ್ತೀರಾ ಅಂತ ಹೆಂಡತಿ ಕೇಳಿದಾಗ ಹಿಂದೆಮುಂದೆ ನೋಡದೆ ಕಥೆ ಅಂದುಬಿಟ್ಟೆ. ಪಾತ್ರೆಯೇ ವಾಸಿ ಇತ್ತು. ಪಾತ್ರೆ ಪ್ರಶ್ನೆ ಕೇಳಲ್ಲ.

ಮಗಳಿಗೆ ಐದು ವರ್ಷ. ಕಥೆಗೆ ಹೂಂಗುಟ್ಟಬೇಕು ಅಂತ ಅಜ್ಜಿ ಕಲಿಸಿದ್ದಾಳೆ. ಹೂಂ ನಿಂತರೆ ಮಗು ಮಲಗಿತು ಅಂತ ಲೆಕ್ಕ. ನಮ್ಮಲ್ಲಿ ಮೊದಲು ನಿಲ್ಲೋದು ಕಥೆ. ಒಂದಿನ ಅರೆನಿದ್ದೆಯಲ್ಲಿ, "ಆಗ ರಾಜಕುಮಾರ ಕುದುರೆ ಇಳಿದು, ಇಪ್ಪತ್ತನೇ ತಾರೀಕಿನೊಳಗೆ ಜಿಎಸ್‌ಟಿ ಕಟ್ಟಿ ಅಂದ" ಎಂದೆನಂತೆ. ಮಗಳು ಅದಕ್ಕೂ ಹೂಂ ಅಂದಿದ್ದಾಳೆ.

ಎಡವಟ್ಟು ಶುರುವಾಗಿದ್ದು ಕೆಂಪು ಕುಲಾವಿ ಹುಡುಗಿಯ ಕಥೆಯಿಂದ. ಕಾಡಿನಾಚೆ ಹುಷಾರಿಲ್ಲದ ಅಜ್ಜಿ. ಅವಳಿಗೆ ಮೊಮ್ಮಗಳು ಬುಟ್ಟಿಯಲ್ಲಿ ಕೇಕು, ವೈನು ಒಯ್ಯುತ್ತಾಳೆ. ವೈನನ್ನು ಕಷಾಯ ಮಾಡಿದೆ. ಅಲ್ಲಿಗೆ ಸುಮ್ನಿರಬೇಕಿತ್ತು. ತೋಳ ಅಜ್ಜಿಯನ್ನು ನುಂಗುವ ಜಾಗ ಬಂದಾಗ ಪಕ್ಕದ ಕೋಣೆಯಿಂದ ನಮ್ಮಮ್ಮ ಕೆಮ್ಮಿದರು. ನನ್ನ ಬಾಯಿ ಕಟ್ಟಿಹೋಯಿತು.

"ತೋಳ ಬಂದು ನೋಡಿದರೆ ಅಜ್ಜಿ ಮನೇಲೇ ಇಲ್ಲ! ಧರ್ಮಸ್ಥಳಕ್ಕೆ ಹೋಗಿದ್ದಳು."

"ಯಾವುದರಲ್ಲಿ?"

"ಬಸ್ಸಲ್ಲಿ. ಹೆಂಗಸರಿಗೆ ಫ್ರೀ ಅಲ್ವಾ?"

"ಆಧಾರ್ ಕಾರ್ಡ್ ತಗೊಂಡು ಹೋಗಿದ್ಲಾ?"

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮಮ್ಮ ಹೊರಗೆ ಹೊರಟಾಗಲೆಲ್ಲ ಈ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಇದೇ. ತಗೊಂಡಿದ್ದಳು ಅಂದೆ.

"ಹುಷಾರಿರಲಿಲ್ಲ ಅಂದ್ಯಲ್ಲ?"

"ಹರಕೆ ಇತ್ತು." ಹೀಗೆ ತೇಪೆ ಹಾಕುತ್ತಾ, ಖಾಲಿ ಮನೆಗೆ ನುಗ್ಗಿದ ತೋಳಕ್ಕೆ ಅಜ್ಜಿಯ ಸೀರೆ ಉಡಿಸಿ ಮಂಚದ ಮೇಲೆ ಮಲಗಿಸಿದೆ. ಒಂದು ತೊಟ್ಟು ರಕ್ತ ಬೀಳದ ಹಾಗೆ ಕಥೆ ಮುಗಿಸಿದೆ ಅಂತ ನನಗೆ ನಾನೇ ಶಭಾಷ್ ಹೇಳಿಕೊಂಡು ಗೊರಕೆ ಹೊಡೆದೆ.

ಮಾರನೇ ದಿನ ಮೂಲ ಕಥೆ ಹೇಗಿದೆ ನೋಡೋಣ ಅಂತ ಕೂತೆ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ್ದರಲ್ಲಿ ತೋಳ ಅಜ್ಜಿಯನ್ನು ತಿನ್ನುತ್ತೆ, ಮೊಮ್ಮಗಳನ್ನೂ ತಿನ್ನುತ್ತೆ, ಕಥೆ ಮುಗೀತು. ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಇಬ್ಬರನ್ನೂ ಹೊರಗೆ ತೆಗೆಯೋದು ಜರ್ಮನಿಯ ಗ್ರಿಮ್ ಅಣ್ಣತಮ್ಮಂದಿರ 1812ರ ಪುಸ್ತಕದಲ್ಲಿ. ಅದೇ ಪುಸ್ತಕದಲ್ಲಿ ಕಪ್ಪೆ ರಾಜಕುಮಾರನಾಗೋದು ಮುತ್ತಿನಿಂದ ಅಲ್ಲ, ರಾಜಕುಮಾರಿ ಅದನ್ನು ಎತ್ತಿ ಗೋಡೆಗೆ ಅಪ್ಪಳಿಸಿದ್ದಕ್ಕೆ. ಸ್ನೋ ವೈಟ್‌ಗೆ ವಿಷ ಹಾಕೋದು ಸ್ವಂತ ತಾಯಿ. ಇದು ಜಾಸ್ತಿಯಾಯಿತು ಅನ್ನಿಸಿ 1819ರಲ್ಲಿ ಅವರೇ ಅವಳನ್ನು ಮಲತಾಯಿ ಮಾಡಿದರು. ತೇಪೆ ಹಾಕೋದರಲ್ಲಿ ನಮ್ಮ ಜಾತಿಯವರೇ ಅಂತ ಖುಷಿಯಾಯಿತು. ಆದರೆ ಕೊನೆಗೆ ಅವಳಿಗೆ ಕಾದ ಕಬ್ಬಿಣದ ಬೂಟು ತೊಡಿಸಿ ಸಾಯುವವರೆಗೂ ಕುಣಿಸುತ್ತಾರಲ್ಲ, ಅದನ್ನು ಮುಟ್ಟಲಿಲ್ಲ!

ಆ ರಾತ್ರಿ ಸಿಂಡ್ರೆಲಾ ಕಥೆಯನ್ನು ಗ್ರಿಮ್‌ಗಳು ಬರೆದ ಹಾಗೇ ಹೇಳಿದೆ. ಚಪ್ಪಲಿ ಹಿಡಿಸಲಿಲ್ಲ ಅಂತ ಒಬ್ಬ ಅಕ್ಕ ಹೆಬ್ಬೆರಳು ಕತ್ತರಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಹಿಮ್ಮಡಿ. ಚಾಕು ಕೊಡೋದು ಅವರಮ್ಮನೇ. ರಾಣಿಯಾದ ಮೇಲೆ ನಡೆಯೋ ಕೆಲಸ ಎಲ್ಲಿದೆ ಅಂತ ಅವಳ ಸಮಾಧಾನ. ಚಪ್ಪಲಿ ತುಂಬಾ ರಕ್ತ ಅಂತ ಮರದ ಮೇಲಿನ ಪಾರಿವಾಳಗಳು ಹಾಡುತ್ತವೆ. ಮಗಳು ಎದ್ದು ಕೂತಳು. ಹೂಂ ಜೋರಾಯಿತು. "ಇನ್ನೊಂದು ಸಲ" ಅಂದಳು. ಮೂರು ಸಲ ಹೇಳಿಸಿಕೊಂಡು ಕಲ್ಲಿನ ಹಾಗೆ ಮಲಗಿದಳು.

ಆ ಭಾನುವಾರ ಹೆಂಡತಿಯ ಕಡೆಯವರು ಮಗನ ಮದುವೆಗೆ ಕರೆಯೋಕೆ ಬಂದರು. ಹೆಂಡತಿ ಕಾಫಿ ತಂದಿದ್ದಳು. ತಟ್ಟೆಯಲ್ಲಿ ಅರಿಶಿನ ಕುಂಕುಮದ ಬಟ್ಟಲುಗಳಿದ್ದವು, ಕುಂಕುಮದ್ದು ಮಾತ್ರ ಯಾಕೋ ಖಾಲಿ. ಯಾಕೆ ಅಂತ ಆಗಲೇ ಗೊತ್ತಾಯಿತು. ಅಮ್ಮನ ಹೈ ಹೀಲ್ಡ್ ಚಪ್ಪಲಿ ಹಾಕಿಕೊಂಡು ಮಗಳು ಕುಂಟುತ್ತಾ ಬಂದಳು. ಬಿಳಿ ಸಾಕ್ಸಿನ ಹಿಮ್ಮಡಿ ಕೆಂಪಗೆ ತೊಯ್ದಿತ್ತು. ನೆಲದ ಮೇಲೆ ಹೆಜ್ಜೆಹೆಜ್ಜೆಗೂ ಕೆಂಪು ಗುರುತು. "ಗುಟುರ್ ಗುಟುರ್, ಚಪ್ಪಲೀಲಿ ರಕ್ತ" ಅಂತ ಹಾಡು ಬೇರೆ. ಬಂದಿದ್ದ ಹಿರಿಯರೊಬ್ಬರು ಕಾಫಿ ಲೋಟ ಕೈಬಿಟ್ಟರು.

"ಅಯ್ಯೋ ಏನಾಯ್ತಮ್ಮಾ?"

"ಹಿಮ್ಮಡಿ ಕತ್ತರಿಸ್ಕೊಂಡೆ. ನಿಮ್ಮನೆಗೆ ಬರೋ ಹುಡುಗಿ ಕಾಲು ನೋಡಿದ್ರಾ? ಬೆರಳು ಎಲ್ಲಾ ಇದೆಯಾ?"

ಅವರು ಹೋದ ಮೇಲೆ ನೆಲ ಒರೆಸಿದ್ದು ನಾನು. ಕುಂಕುಮದ ನೀರು ಟೈಲ್ಸ್ ಸಂದಿಗೆ ಇಳಿದರೆ ಬರಲ್ಲ, ನೆನಪಿರಲಿ. ಆ ಸಾಕ್ಸ್ ಈಗಲೂ ಗುಲಾಬಿ ಬಣ್ಣದ್ದೇ.

ಇದೆಲ್ಲ ಕೇಳಿ ನಮ್ಮಮ್ಮ ನಕ್ಕರು. ಅವರು ಕಥೆ ತಿದ್ದುವವರಲ್ಲ. ಮೂರು ಹಂದಿಮರಿಗಳು ಮನೆ ಕಟ್ಟೋ ಕಥೆಯನ್ನು ನಾನು ಹೇಳಲು ಹೋದರೆ ಮಗಳು, "ಇದು ಅಜ್ಜಿ ಹೇಳಿದ ಕಾಗಕ್ಕ ಗುಬ್ಬಕ್ಕನ ಕಥೆ ಅಲ್ವಾ?" ಅಂತ ನನ್ನನ್ನೇ ಹಿಡಿದಳು. ಮಳೆಗೆ ಕಾಗಕ್ಕನ ಸಗಣಿ ಮನೆ ಕರಗಿಹೋದರೆ ಅಮ್ಮನ ಕಥೆಯಲ್ಲಿ ಅದು ಕರಗಿಯೇ ಹೋಗುತ್ತೆ. ಯಾರನ್ನೂ ಬಸ್ ಹತ್ತಿಸಲ್ಲ.

ಹೋದ ತಿಂಗಳು ನಮ್ಮಮ್ಮ ನಿಜವಾಗಿಯೂ ಧರ್ಮಸ್ಥಳಕ್ಕೆ ಹೊರಟರು. ಬ್ಯಾಗು ಹೆಗಲಿಗೇರುತ್ತಿದ್ದ ಹಾಗೆ ಮಗಳು ಅವರ ಸೆರಗು ಹಿಡಿದು ಚೀರಿದಳು. ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಬಿಕ್ಕುತ್ತಾ ಹೇಳಿದಳು: ಅಜ್ಜಿ ಧರ್ಮಸ್ಥಳಕ್ಕೆ ಹೋದರೆ ತೋಳ ಬಂದು ಅಜ್ಜಿ ಮಂಚದಲ್ಲಿ ಮಲಗುತ್ತಲ್ಲ!

ಹಿಮ್ಮಡಿ ಕತ್ತರಿಸಿದ್ದಕ್ಕೆ ಹೆದರದವಳು ನನ್ನ ರಕ್ತವಿಲ್ಲದ ಕಥೆಗೆ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ನಮ್ಮಿಬ್ಬರ ನಡುವೆ ಮಲಗಿದಳು. ಅಜ್ಜಿಯ ಕೋಣೆಗೆ ಹೊರಗಿನಿಂದ ಚಿಲಕ. ಬೀರುವಿನಲ್ಲಿ ಸೀರೆಗಳು ಲೆಕ್ಕಕ್ಕೆ ಸರಿಯಾಗಿವೆಯಾ ಅಂತ ಬೆಳಿಗ್ಗೆ ಎಣಿಸಬೇಕು. ಎಣಿಸಿದೆ.

ಮೂರನೇ ದಿನ ಅಮ್ಮ ಪ್ರಸಾದ ಹಿಡಿದು ಬಂದರು. ಮಗಳು ಹತ್ತಿರ ಹೋಗಲಿಲ್ಲ. ದೂರದಿಂದಲೇ ಕಿವಿ ನೋಡಿದಳು. ಕಣ್ಣು ನೋಡಿದಳು. ಕೊನೆಗೆ ಅಂದಳು, "ಅಜ್ಜಿ, ಹಲ್ಲು ತೋರ್ಸು."

ಅಮ್ಮ ನನ್ನ ಮುಖ ನೋಡಿದರು. ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ ಪೂರ್ತಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟು, "ತಗೋ, ಶರಿಯಾಗಿ ನೋಡ್ಕೋ" ಅಂದರು.