ಗುದ್ದಲಿ ಪೂಜೆಗೆ ಮುಂಚೆ ಒಂದು ಚೀಟಿ

‘ಅವರ ಸೈಟು, ಅವರು ಕಟ್ಕೋತಾರೆ, ನಿಮಗೇನ್ರೀ?’ ಬೆಂಗಳೂರಿನಲ್ಲಿ ಪಕ್ಕದ ಕಟ್ಟಡದ ಬಗ್ಗೆ ವಿಚಾರಿಸಿದವರಿಗೆ ಸಿಗುವ ಉತ್ತರ ಇದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತು ಇದನ್ನು ಕೇಳಿದರೆ ಮೈ ಉರಿಯುತ್ತದೆ.

ಇಲ್ಲಿ ವರ್ಷಾನುಗಟ್ಟಲೆ ನಡೆದ ಪದ್ಧತಿಯೇ ಬೇರೆ. ಯಾರಾದರೂ ಹಿತ್ತಲ ಕಡೆ ಮನೆ ಬೆಳೆಸಬೇಕೆಂದರೂ 150 ಅಡಿಯೊಳಗಿನ ಎಲ್ಲರಿಗೂ ನಗರ ಯೋಜನಾ ಇಲಾಖೆಯಿಂದ ಕಾಗದ ಬರುತ್ತಿತ್ತು, ಮಾಲೀಕರಿಗಷ್ಟೇ ಅಲ್ಲ, ಬಾಡಿಗೆಗಿರುವವರಿಗೂ. ನಕ್ಷೆ ನೋಡಿ ತಕರಾರು ಹೇಳಲು 30 ದಿನ. ನಮ್ಮಲ್ಲಿ ಸುದ್ದಿ ತಿಳಿಯುವುದೇ ಗುದ್ದಲಿ ಪೂಜೆಯ ದಿನ, ಇಲ್ಲವೇ ರಾತ್ರಿ ಹನ್ನೊಂದಕ್ಕೆ ಬೋರ್‌ವೆಲ್ ಲಾರಿ ಗುಡುಗಿದಾಗ.

ಮೂವತ್ತು-ನಲವತ್ತರ ಸೈಟು, ಸ್ಟಿಲ್ಟ್ (ಕೆಳಗೆ ವಾಹನ ನಿಲ್ಲಿಸುವ ಅಂತಸ್ತು) ಮೇಲೆ ಮೂರು ಮಹಡಿಗೆ ಮಂಜೂರಾತಿ ಅಂದುಕೊಳ್ಳಿ. ಪಿಜಿ ಮಾಡುವ ಆಸೆಗೆ ಐದು ಏಳುತ್ತವೆ. ಪಕ್ಕದವರ ಕೈಯಲ್ಲಿ ನಕ್ಷೆ ಇಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಉತ್ತರಕ್ಕೆ ಅದೇ 30 ದಿನ, ಅಷ್ಟರಲ್ಲಿ ಒಂದು ಮೋಲ್ಡು ಬಿದ್ದು ಸೆಂಟ್ರಿಂಗ್ ಬಿಚ್ಚಿರುತ್ತದೆ. ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಜಾಗ, ಕದ್ದಿದ್ದಾರೋ ಎಂದು ಟೇಪು ಹಿಡಿಯಬೇಕಾದದ್ದು ಪಾಯದ ಹಂತದಲ್ಲಿ. ಪಿಲ್ಲರ್ ಎದ್ದ ಮೇಲೆ ಅದನ್ನು ಒಂದೂವರೆ ಅಡಿ ಒಳಕ್ಕೆ ತಳ್ಳುವುದು ಯಾರಿಂದಲೂ ಆಗದು. ಆಮೇಲೆ ಅಕ್ರಮದ ವಿರುದ್ಧ ಪಾಲಿಕೆಯ ತಾತ್ಕಾಲಿಕ ಆದೇಶ, ದೃಢೀಕರಣ ಆದೇಶ, ಮಾಲೀಕರು ತರುವ ತಡೆಯಾಜ್ಞೆ. ಅಷ್ಟು ಹೊತ್ತಿಗೆ ಪಿಜಿಯಲ್ಲಿ ಬೆಳಗಿನ ಉಪ್ಪಿಟ್ಟು ಬಡಿಸುತ್ತಿರುತ್ತಾರೆ.

ಸ್ಯಾನ್ ಫ್ರಾನ್ಸಿಸ್ಕೋದವರು ತಕರಾರು ಹೇಳುವ ಆ ಅಧಿಕಾರವನ್ನು ಏನು ಮಾಡಿಕೊಂಡರು ಅನ್ನುವುದನ್ನೂ ಹೇಳಲೇಬೇಕಲ್ಲ. ಮಿಷನ್ ಸ್ಟ್ರೀಟಿನ ಒಂದು ಹಳೇ ಲಾಂಡ್ರಿ ಕೆಡವಿ ಎಂಟು ಮಹಡಿಯಲ್ಲಿ 75 ಮನೆ ಕಟ್ಟುವ ಯೋಜನೆಯಿತ್ತು. ಮೊದಲು ಲಾಂಡ್ರಿ ಐತಿಹಾಸಿಕ ಕಟ್ಟಡವೇ ಎಂಬ ಪರಿಶೀಲನೆ. 2018ರಲ್ಲಿ ಪಕ್ಕದ ಶಾಲೆಯ ಆಟದ ಬಯಲಿಗೆ ನೆರಳು ಎಷ್ಟು ಬೀಳುತ್ತದೆಂದು ಮತ್ತೆ ಅಧ್ಯಯನ. ಹೀಗೆ ತಡೆದೂ ತಡೆದೂ ಬಾಡಿಗೆ ಆಕಾಶಕ್ಕೇರಿತು; ಅಡ್ಡಿ ಮಾಡಿದವರಲ್ಲಿ ಬಹಳಷ್ಟು ಮಂದಿಗೆ ಸ್ವಂತ ಮನೆ ಇತ್ತು ಅನ್ನಿ. ಕೊನೆಗೆ 2023ರ ಅಂತ್ಯದಲ್ಲಿ ನಗರವೇ ಎಷ್ಟೋ ವಸತಿ ಯೋಜನೆಗಳಿಗೆ ಈ ಕಾಗದ, ವಿಚಾರಣೆಗಳನ್ನು ಕೈಬಿಟ್ಟಿತು. 2025ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ನಗರದೊಳಗಿನ ಹೆಚ್ಚಿನ ವಸತಿ ಕಟ್ಟಡಗಳನ್ನು ಪರಿಸರ ಪರಿಶೀಲನಾ ಕಾಯ್ದೆಯಿಂದ ಹೊರಗಿಟ್ಟಿತು.

ಅವರು ಬಿಟ್ಟರೆಂದು ನಾವೂ ಬೇಡವೆನ್ನಬೇಕಾಗಿಲ್ಲ. ನಮ್ಮಲ್ಲಿ ಅದು ಶುರುವೇ ಆಗಿಲ್ಲ. ಮಂಜೂರಾದ ದಿನವೇ ಅಕ್ಕಪಕ್ಕದವರಿಗೆ ಒಂದು ಚೀಟಿ ಬರಲಿ: ಎಷ್ಟು ಮಹಡಿ, ಎಷ್ಟು ಎತ್ತರ, ನಾಲ್ಕೂ ಕಡೆ ಎಷ್ಟೆಷ್ಟು ಜಾಗ, ಮಂಜೂರಾತಿ ಸಂಖ್ಯೆ. ಪಾಯ ಮುಗಿದೊಡನೆ ಎಂಜಿನಿಯರು ಎಲ್ಲರೆದುರು ಟೇಪು ಹಿಡಿಯಲಿ. ಅಳತೆ ತಪ್ಪಿದ್ದರೆ ಮಾತ್ರ ತಕರಾರು. ‘ಬ್ಯಾಚುಲರ್‌ಗಳು ಬರ್ತಾರೆ, ನಮ್ಮ ಬಾಲ್ಕನಿಗೆ ಬಿಸಿಲು ಬರಲ್ಲ’ ಅನ್ನುವ ಅರ್ಜಿಗಳನ್ನು ಕಿಟಕಿಯಲ್ಲೇ ವಾಪಸು ಕೊಡಬಹುದು.