ಹತ್ತಿದ ಏಣಿ ಒದ್ದವರು

ಯಾರಾದರೂ ಮಂತ್ರಿಯಾದ ಮರುದಿನ ಪೇಪರಿನಲ್ಲಿ ಒಂದು ಪರಿಚಯ ಬರುತ್ತದೆ. 'ಗ್ರಾಮ ಪಂಚಾಯಿತಿ ಸದಸ್ಯರಾಗಿ ರಾಜಕೀಯ ಜೀವನ ಆರಂಭಿಸಿದ ಇವರು...' ಅಂತ. ಅಭಿಮಾನಿಗಳ ಫ್ಲೆಕ್ಸಿನಲ್ಲೂ ಅದೇ ಸಾಲು. ಓದಿದ ಕೂಡಲೇ ಒಂಥರಾ ಗೌರವ ಬಂದುಬಿಡುತ್ತದೆ. ಕೆಳಗಿನಿಂದ ಬಂದವರು, ಜನರ ಕಷ್ಟ ಗೊತ್ತು, ಅಲ್ವಾ? ಆ ಗೌರವದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೇಲೆ ಹೋದ ಮೇಲೆ ಆ ಕೆಳಗಿನ ಜಾಗವನ್ನು ಇವರು ಏನು ಮಾಡಿದರು ಅಂತ ಯಾರೂ ಕೇಳುವುದಿಲ್ಲ.

ನಮ್ಮ ರಾಜ್ಯದ ದೊಡ್ಡ ಹೆಸರುಗಳನ್ನೇ ನೋಡಿ. ದೇವೇಗೌಡರು ಹೊಳೆನರಸೀಪುರದ ತಾಲ್ಲೂಕು ಬೋರ್ಡಿನಲ್ಲಿ ಇದ್ದವರು. 1962ರಲ್ಲಿ ಪಕ್ಷೇತರರಾಗಿ ಶಾಸಕರಾದರು, 1996ರಲ್ಲಿ ಪ್ರಧಾನಿ. ಯಡಿಯೂರಪ್ಪ 1975ರಲ್ಲಿ ಶಿಕಾರಿಪುರ ಪುರಸಭೆಗೆ ಗೆದ್ದರು, ಆಮೇಲೆ ಅದರ ಅಧ್ಯಕ್ಷರೂ ಆದರು. ಅವರಿಗೆ ಮೊದಲ ಸಲ ಮಂತ್ರಿ ಸ್ಥಾನ ಸಿಕ್ಕಿದ್ದು 2006ರಲ್ಲಿ, ಅದೂ ನೇರ ಉಪಮುಖ್ಯಮಂತ್ರಿಯಾಗಿ. ಮೂವತ್ತು ವರ್ಷ ದಾಟಿತ್ತು! ಸಿದ್ದರಾಮಯ್ಯನವರ ದಾರಿ ಚುರುಕು. 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡು, 1983ರಲ್ಲಿ ಚಾಮುಂಡೇಶ್ವರಿಯಿಂದ ವಿಧಾನಸಭೆ, 1985ಕ್ಕೆಲ್ಲ ಹೆಗಡೆ ಸರ್ಕಾರದಲ್ಲಿ ಪಶುಸಂಗೋಪನೆ ಸಚಿವ. ವಿ. ಸೋಮಣ್ಣ 1983ರಲ್ಲಿ ಬೆಂಗಳೂರಿನ ಕಾರ್ಪೊರೇಟರ್, 2024ರಲ್ಲಿ ಕೇಂದ್ರದ ರಾಜ್ಯ ಸಚಿವ. ಡಿ.ಕೆ. ಶಿವಕುಮಾರ್ 1985ರಲ್ಲಿ ಸಾತನೂರಿನಲ್ಲಿ ದೇವೇಗೌಡರ ಎದುರು ಸೋತು, 1987ರಲ್ಲಿ ಜಿಲ್ಲಾ ಪರಿಷತ್ತಿಗೆ (ಈಗಿನ ಜಿಲ್ಲಾ ಪಂಚಾಯಿತಿ) ಗೆದ್ದು, 1989ರಲ್ಲಿ ಶಾಸಕರಾದರು. ಪಕ್ಷ ಬೇರೆ, ಊರು ಬೇರೆ, ಹೊರಟ ಜಾಗ ಮಾತ್ರ ಒಂದೇ ಥರದ್ದು.

ಆ ಜಾಗದಲ್ಲಿ ಏನು ಕಲಿಯುತ್ತಾರೆ? ವಿನಯ ಅಂತ ಭಾಷಣಗಳಲ್ಲಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ವಿನಯವಿಲ್ಲದ ಸದಸ್ಯರನ್ನು ಬೇಕಾದಷ್ಟು ನೋಡಿದ್ದೇನೆ. ಕಲಿಯುವುದು ಕೆಲಸ. ವಾರ್ಡಿನ ಸದಸ್ಯನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ನಲ್ಲಿಯಲ್ಲಿ ನೀರು ಬರಲಿಲ್ಲ ಅಂದರೆ ಬೆಳಗ್ಗೆ ಆರಕ್ಕೇ ಬಾಗಿಲು ಬಡಿಯುತ್ತಾರೆ. 'ಸಾಹೇಬರು ಮೀಟಿಂಗಿನಲ್ಲಿದ್ದಾರೆ' ಅನ್ನಲು ಪಿಎ ಇಲ್ಲ. ವಾಟರ್‌ಮ್ಯಾನ್ ಯಾಕೆ ಬರಲಿಲ್ಲ ಅಂತ ಹುಡುಕಿದರೆ ಅವನಿಗೆ ತಿಂಗಳುಗಟ್ಟಲೆ ಸಂಬಳ ಆಗಿರುವುದಿಲ್ಲ. ಸಂಬಳ ಯಾಕಾಗಿಲ್ಲ ಅಂದರೆ ಕಂದಾಯ ವಸೂಲಿಯಾಗಿಲ್ಲ. ವಸೂಲಿಗೆ ಹೋದರೆ ಮೊದಲ ಬಾಕಿದಾರ ತನಗೇ ಓಟು ಹಾಕಿದ ಸಂಬಂಧಿಕ! ಸರ್ಕಾರ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾವ ಕಾಲೇಜೂ ಹೇಳಿಕೊಡುವುದಿಲ್ಲ.

ಇನ್ನು ಕಾಗದದ ಕೆಲಸ. ಕ್ರಿಯಾಯೋಜನೆ, ಅಂದಾಜುಪಟ್ಟಿ, ಟೆಂಡರು, ಬಿಲ್ಲು. ನೂರು ಮೀಟರ್ ಚರಂಡಿಗೆ ಬಿಲ್ಲಾಗಿದೆ, ಸ್ಥಳದಲ್ಲಿ ಎಪ್ಪತ್ತೇ ಮೀಟರ್ ಇದೆ ಅನ್ನುವುದನ್ನು ಕಂಡುಹಿಡಿಯುವುದು ಇಲ್ಲೇ ಅಭ್ಯಾಸವಾಗುತ್ತದೆ. ಆ ಮೂವತ್ತು ಮೀಟರ್ ದುಡ್ಡನ್ನು ಹಂಚಿಕೊಳ್ಳುವ ಅಭ್ಯಾಸವೂ ಇಲ್ಲೇ ಆಗುತ್ತದೆ, ಅದನ್ನೂ ಹೇಳಿಬಿಡಬೇಕು. ಎರಡೂ ಮಂತ್ರಿ ಕುರ್ಚಿಯವರೆಗೆ ಜೊತೆಗೇ ಬರುತ್ತವೆ. ಪುರಸಭೆಯಿಂದ ಬಂದವರೆಲ್ಲ ಒಳ್ಳೆಯ ಮಂತ್ರಿಗಳು ಅಂತ ನಾನು ಹೇಳುವುದಿಲ್ಲ. ಆದರೆ ಅಧಿಕಾರಿ ತಂದ ಫೈಲಿನಲ್ಲಿ ಎಲ್ಲಿ ಬೆರಳಿಡಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಅಪ್ಪನ ಸೀಟಿಗೆ ನೇರ ಬಂದು ಇಳಿದವರಿಗೆ ಅದು ಗೊತ್ತಾಗುವ ಹೊತ್ತಿಗೆ ಅರ್ಧ ಅವಧಿ ಮುಗಿದಿರುತ್ತದೆ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

1983ರಲ್ಲಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಎಂಬ ಮಂತ್ರಿ ಜಿಲ್ಲೆ, ಹಳ್ಳಿಗಳ ಆಡಳಿತವನ್ನು ಅಲ್ಲಿ ಗೆದ್ದವರ ಕೈಗೇ ಕೊಡುವ ಒಂದು ಕಾಯ್ದೆ ತಂದರು. ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು ಅವರೇ. 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡುತ್ತಿದ್ದವರು ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಇಡೀ ದೇಶಕ್ಕೆ ಪಂಚಾಯತ್ ರಾಜ್ ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು ಆಮೇಲೆ, 1993ರಲ್ಲಿ. ಅಂಥ ರಾಜ್ಯ ನಮ್ಮದು.

ಅದೇ ರಾಜ್ಯದಲ್ಲಿ 2016ರಲ್ಲಿ ಗೆದ್ದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನ ಸ್ಪಷ್ಟವಾಗಿ ಹೇಳುತ್ತದೆ. ಆದದ್ದೇನು? ಕ್ಷೇತ್ರ ವಿಂಗಡಣೆಯನ್ನು ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು. ಮೀಸಲಾತಿ ಪಟ್ಟಿ, ಕೋರ್ಟು, ಇನ್ನೊಂದಿಷ್ಟು ಸಮಯ ಕೊಡಿ ಅನ್ನುವ ಅರ್ಜಿ. ವರ್ಷಗಳು ಹೋದವು, ಆಡಳಿತಾಧಿಕಾರಿಗಳೇ ನಡೆಸಿದರು. ಮಧ್ಯೆ ಬಿಜೆಪಿ ಹೋಗಿ ಕಾಂಗ್ರೆಸ್ ಬಂತು, ಇದೊಂದು ಬದಲಾಗಲಿಲ್ಲ. 2021ರ ಡಿಸೆಂಬರಿನಲ್ಲಿ ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳಿಂದ 25 ಜನರನ್ನು ಆರಿಸುವಾಗ ಓಟು ಹಾಕಲು ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರೇ ಇರಲಿಲ್ಲ. ತಮಗೆ ಬೇಕಾದ ಚುನಾವಣೆ ಮಾತ್ರ ಸರಿಯಾದ ಸಮಯಕ್ಕೆ ನಡೆಯುತ್ತದೆ ನೋಡಿ! ಬೆಂಗಳೂರಿನ ಕಥೆಯೂ ಇದೇ. 198 ವಾರ್ಡುಗಳ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವಾರ್ಡಿನ ಲೆಕ್ಕ ಬದಲಾಯಿತು, ಕಾಯ್ದೆ ಬದಲಾಯಿತು, ಒಂದು ಪಾಲಿಕೆ ಐದಾಯಿತು. ಅಷ್ಟೆಲ್ಲ ಆಗುವವರೆಗೂ ಕಾರ್ಪೊರೇಟರ್ ಮಾತ್ರ ಇಲ್ಲ.

ಇದು ಸುಮ್ನೆ ಆದ ವಿಳಂಬ ಅಂತ ನನಗೆ ನಂಬಿಕೆಯಿಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ನಾಳೆ ಟಿಕೆಟ್ ಕೇಳುವವನು. ಒಂದು ಹೋಬಳಿಯ ಜನ ಅವನ ಹಿಂದೆ ಇರುತ್ತಾರೆ, ಶಾಸಕರು ಎಲ್ಲಿ ಎಡವಿದರು ಅಂತ ಅವನಿಗೆ ಗೊತ್ತಿರುತ್ತದೆ. ಸ್ವತಃ ಆ ದಾರಿಯಲ್ಲಿ ಬಂದವರಿಗೆ ಈ ಅಪಾಯ ಬೇರೆಯವರಿಗಿಂತ ಜಾಸ್ತಿ ಅರ್ಥವಾಗುತ್ತದೆ. ಸದಸ್ಯನಿಲ್ಲದಿದ್ದರೆ ಕಾಮಗಾರಿ ಪಟ್ಟಿ, ಗುದ್ದಲಿ ಪೂಜೆ, ಫಲಾನುಭವಿಗಳ ಆಯ್ಕೆ ಎಲ್ಲ ಶಾಸಕರ ಕೈಗೆ. ಅದರ ಮೇಲೆ ವರ್ಷಕ್ಕೆ 2 ಕೋಟಿ ರೂಪಾಯಿ ಶಾಸಕರ ನಿಧಿ ಬೇರೆ. ಪಂಚಾಯಿತಿ ಮಾಡಬೇಕಾದ ಕೆಲಸವನ್ನೇ ಶಾಸಕರು ಮಾಡಿ ಬೋರ್ಡು ಹಾಕಿಸುತ್ತಾರೆ. ಜನರೂ ಅಷ್ಟೇ, ಚರಂಡಿಗೂ ಶಾಸಕರನ್ನೇ ಹಿಡಿಯುತ್ತಾರೆ. ಕಾನೂನು ಮಾಡಲು ಕಳಿಸಿದವರನ್ನು ನಾವೇ ವಾರ್ಡ್ ಮೆಂಬರ್ ಮಾಡಿಕೊಂಡಿದ್ದೇವೆ.

ಹೆಣ್ಣುಮಕ್ಕಳ ಲೆಕ್ಕ ನೋಡಿದರೆ ಇನ್ನೂ ಬೇಜಾರು. ನಮ್ಮ ಪಂಚಾಯಿತಿಗಳಲ್ಲಿ ಅವರಿಗೆ ಶೇ 50ರಷ್ಟು ಮೀಸಲಾತಿ ಇದೆ. 2023ರಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10. ಆಗ ತುಂಬಿದ 34 ಜನರ ಸಂಪುಟದಲ್ಲಿ ಒಬ್ಬರೇ, ಲಕ್ಷ್ಮೀ ಹೆಬ್ಬಾಳ್ಕರ್. ಕೆಳಗೆ ಅರ್ಧ ಇದ್ದವರು ಮಧ್ಯದಲ್ಲಿ ಎಲ್ಲಿ ಹೋದರು? ಗಂಡನೇ ಸಭೆಗೆ ಬಂದು ಕೂರುತ್ತಾನೆ ಅಂತ ನಗುವವರು ಬಹಳ. ಆದರೆ ನಿಜವಾಗಿ ಕೆಲಸ ಕಲಿತ ಹೆಂಗಸರ ಪಾಡು ಕೇಳಿ. ಮೊದಲೆರಡು ವರ್ಷ ನಡಾವಳಿ ಪುಸ್ತಕ ಓದುವುದು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಲೆಕ್ಕ ಕೇಳುವುದು ಅಭ್ಯಾಸವಾಗುತ್ತದೆ. ಮುಂದಿನ ಚುನಾವಣೆ ಹೊತ್ತಿಗೆ ಕ್ಷೇತ್ರದ ಮೀಸಲಾತಿ ಬದಲಾಗಿರುತ್ತದೆ. ಸಾಮಾನ್ಯ ಕ್ಷೇತ್ರದಲ್ಲೂ ನಿಲ್ಲಬಹುದು, ಕಾನೂನಿನ ಅಡ್ಡಿಯಿಲ್ಲ. ಆದರೆ 'ಈ ಸಲ ಲೇಡಿಸ್ ಸೀಟಲ್ಲ, ಬಿಡಮ್ಮ' ಅಂತ ಮನೆಯಲ್ಲೂ ಹೇಳುತ್ತಾರೆ, ಪಕ್ಷದ ಆಫೀಸಿನಲ್ಲೂ ಹೇಳುತ್ತಾರೆ. ಹಾಗೆ ಮನೆಗೆ ಹೋದವರಲ್ಲಿ ಎಷ್ಟು ಜನ ಮಂತ್ರಿಯಾಗಬಲ್ಲವರಿದ್ದರೋ, ಅದರ ಲೆಕ್ಕ ಯಾವ ಪಕ್ಷದ ಹತ್ತಿರವೂ ಇಲ್ಲ.