ನನ್ನ ಹಳೇ ಹಾರ್ಡ್ ಡ್ರೈವ್ ಎಲ್ಲಿ ಮಾರಾಯ್ರೆ?

ರಿಪ್ಲೇಸ್ ಮಾಡಬೇಡಿ ಅಂತ ಅಂಗಡಿಯವರಿಗೆ ಹೇಳಿಯೇ ಕೊಟ್ಟಿದ್ದೆ. ಒಳಗೆ ಇರುವುದನ್ನು ತೆಗೆಯಲು ಆಗುತ್ತದಾ, ಅಷ್ಟು ಮಾತ್ರ ನೋಡಿ ಅಂದಿದ್ದೆ. ಚೀಟಿಯಲ್ಲೂ ಬರೆಸಿದ್ದೆ. ಆದರೂ ವಾರಂಟಿ ಉಂಟು ಅಂತ ಸೀದಾ ಕಂಪನಿಗೆ ಕಳಿಸಿಬಿಟ್ಟಿದ್ದಾರೆ. ಈಗ ಮಂಗಳೂರಿನ ಹಂಪನಕಟ್ಟೆಯಿಂದ ಹೊಸದು ಹಿಡಿದುಕೊಂಡು ಬಂದೆ. 4 ಟಿಬಿ, ಪೂರ್ತಿ ಖಾಲಿ. ಹಳೇದು ತಿರುಗಿ ಬರುವುದಿಲ್ಲವಂತೆ.

"ಅಂಥದ್ದು ಎಂತ ಇತ್ತು ಮೇಡಂ ಅದರಲ್ಲಿ?" ಅಂತ ಕೌಂಟರಿನವನು ಕೇಳಿದ. ನಮ್ಮ ಅಂಗಳದಲ್ಲಿ ಆಡಿಸಿದ ಹರಕೆ ಆಟದ ವಿಡಿಯೊ ಅಂದೆ. "ಯಕ್ಷಗಾನವಾ? ಯೂಟ್ಯೂಬಲ್ಲಿ ಬೇಕಾದಷ್ಟು ಉಂಟಲ್ಲ!" ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದ. ಮೌಸ್ ಆರಿಸುತ್ತಿದ್ದ ಹುಡುಗರು ನಕ್ಕರು. ಒಳಗಿನಿಂದ ಇನ್ನೊಬ್ಬ ಬಂದು ಎಂತ ಅಂತ ಕೇಳಿದ. ಇವನು ಮತ್ತೆ ಮೊದಲಿನಿಂದ ಹೇಳಿದ. ಮತ್ತೆ ನಗು. ನಾನು ಎದುರಿಗೇ ನಿಂತಿದ್ದೆ. ವೇಷ ಕಟ್ಟುವ ಚೌಕಿಯಲ್ಲಿ ಆಟಕ್ಕೆ ಮೊದಲು ಮಾಡುವ ಚೌಕಿಪೂಜೆಗೆ ಅಪ್ಪ ಕೈಮುಗಿದು ನಿಂತದ್ದು ಯಾವ ಯೂಟ್ಯೂಬಿನಲ್ಲಿ ಉಂಟು? ದೊಂದಿ ಬೆಳಕಿನಲ್ಲಿ ಮಹಿಷಾಸುರ ಜನರ ನಡುವಿನಿಂದ ಬರುವಾಗ ಮೊಮ್ಮಗಳನ್ನು ಎತ್ತಿ ತೋರಿಸಿದ್ದು? ಅಪ್ಪ ಈಗ ಇಲ್ಲ.

ಡ್ರೈವ್ ಟಕ್ ಟಕ್ ಅನ್ನುತ್ತಿತ್ತು. ಹಾಗೆ ಶಬ್ದ ಬಂದರೆ ಹೆಚ್ಚಾಗಿ ಓದುವ ಹೆಡ್ ಹೋಗಿರುತ್ತದೆ, ಒಳಗಿನ ತಟ್ಟೆಯ ಮೇಲಿರುವ ಡೇಟಾ ಉಳಿದಿರಬಹುದು. ಅದೇ ಮಾಡೆಲಿನ ಬೇರೆ ಡ್ರೈವಿನ ಹೆಡ್ ಹಾಕಿ, ಧೂಳಿಲ್ಲದ ಕೋಣೆಯಲ್ಲಿ ತೆಗೆದುಕೊಡುವವರಿದ್ದಾರೆ. ದುಡ್ಡು ಜಾಸ್ತಿ. ಕೊಡಲು ತಯಾರಿದ್ದೆ.

ಇನ್ನೊಂದು ಕಾಪಿ ಇಡಬೇಕಿತ್ತು ಅಂತ ದಯವಿಟ್ಟು ಯಾರೂ ಹೇಳಬೇಡಿ. ಇತ್ತು. ಸಿಡಿಲು ಬಡಿದಾಗ ಕಂಪ್ಯೂಟರಿನ ಒಟ್ಟಿಗೆ ಹೋಯಿತು. ಕ್ಲೌಡ್ ಅಂತೀರಾ? ಫುಲ್ ಎಚ್‌ಡಿಯಲ್ಲಿ ಒಂದು ರಾತ್ರಿಯ ಆಟವೇ 80-90 ಜಿಬಿ ಆಗುತ್ತದೆ. ಗೂಗಲ್ ಪುಕ್ಕಟೆ ಕೊಡುವುದು 15.

ಹೋಗಲಿ, ಇನ್ನು ಕೂಗಾಡಿ ಏನು ಸಿಗುತ್ತದೆ? ರಶೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ 'ಡೇಟಾಗೆ ನಾವು ಜವಾಬ್ದಾರರಲ್ಲ' ಅಂತ ಉಂಟು. ಮುಗಿಯಿತಲ್ಲ.

ಇಲ್ಲ, ಹೇಗೆ ಮುಗಿಯುತ್ತದೆ? ಡೇಟಾ ಹಾಳಾದರೆ ಜವಾಬ್ದಾರಿ ಇಲ್ಲ ಅನ್ನುವುದು ಬೇರೆ. ಬೇಡ ಅಂತ ಬರೆಸಿದ ಮೇಲೂ ನನ್ನ ವಸ್ತುವನ್ನು ಕೊಟ್ಟುಬಿಡುವುದು ಬೇರೆ. ಅಲ್ವಾ? ಅದು ಈಗ ಯಾರ ಕೈಯಲ್ಲಿದೆ? ಒಡೆದು ಹಾಕಿದ್ದಾರಾ? ಕೊರಿಯರ್ ನಂಬರ್ ಕೇಳಿದರೆ ಸಿಸ್ಟಮಿನಲ್ಲಿ ಇಲ್ಲ ಅಂತಾರೆ. ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಉತ್ತರ ಕೊಡಿ. ವಾರಂಟಿಗೆ ಹೋದ ಡ್ರೈವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ತಡೆಯಲು ಯಾರಿಗೆ ಬರೆಯಬೇಕು? ಇವತ್ತೇ ಹೇಳಿ.